ಒಂಬತ್ತನೇ ನಂಬರಿನ ಬೂಟು

"ಕಣ್ಣು ಮುಚ್ಚಿ."

ಬಿಂದುಶ್ರೀ ಮುಚ್ಚಲಿಲ್ಲ. ಪರಿಚಯವಿಲ್ಲದ ಗಂಡಸಿನ ಎದುರು ಕಣ್ಣು ಮುಚ್ಚಿ ನಿಲ್ಲುವುದನ್ನು ಎಸ್ಟೇಟಿನ ಲೈನಿನಲ್ಲಿ, ಆಳುಗಳ ಸಾಲುಮನೆಗಳಲ್ಲಿ, ಬೆಳೆದ ಹೆಣ್ಣು ಕಲಿತಿರುವುದಿಲ್ಲ.

"ಯಾಕೆ ಸಾರ್?"

"ಬಲಗಾಲಿನ ಮೇಲೆ ಒಂಟಿಯಾಗಿ ನಿಂತ್ಕೋಬೇಕು. ಎಷ್ಟು ಹೊತ್ತು ನಿಲ್ತೀರಿ ಅಂತ ನಾನು ಎಣಿಸ್ತೀನಿ. ಅಷ್ಟೇ."

"ಬಿದ್ರೆ?"

"ಕೆಳಗೆ ಚಾಪೆ ಹಾಸಿದೀನಿ."

"ನೀವು ಹಿಡ್ಕೊಳ್ಳಲ್ವಾ?"

"ಹಿಡಿದ್ರೆ ನಿಮ್ಮ ಕಾಲಿಗೆ ಏನಾಗಿದೆ ಅಂತ ನಂಗೆ ಗೊತ್ತಾಗಲ್ಲ."

ಭಾನುವಾರ. ಹೆತ್ತೂರಿನ ಶಾಲೆಯ ಕೋಣೆ. ಗೋಡೆಗೆ ಒರಗಿ ಕೂತಿದ್ದ ನೀರ್‌ಗುಡ್ಡ ಎಸ್ಟೇಟಿನ ಹೆಂಗಸರು ಕಿಸಕ್ಕೆಂದರು. ಅವರಲ್ಲಿ ಹಿರಿಯಳಾದ ದೇವೀರಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ದವಡೆಗೆ ಒತ್ತಿ ಹೇಳಿದಳು, "ಈ ಡಾಕ್ಟ್ರು ಹೊಸಾ ಥರ ಕಣ್ರವ್ವ! ಬ್ಯಾರೆಯೋರು ಬೀಳ್ದಂಗೆ ಮಾತ್ರೆ ಕೊಡ್ತಾರೆ. ಇವರು ಬೀಳ್ಸಕ್ಕೆ ಚಾಪೆ ತಂದವ್ರೆ!"

ಬಿಂದು ಕಣ್ಣು ಮುಚ್ಚಿದಳು. ಎಡಗಾಲು ಎತ್ತಿದಳು.

"ಒಂದು... ಎರಡು... ಮೂರು..."

ನಾಲ್ಕಕ್ಕೆ ನೆಲವೇ ಓರೆಯಾಯಿತು! ಪಾದ ಒಳಕ್ಕೆ ಮಡಚಿಕೊಂಡು ಚಾಪೆಯ ಮೇಲೆ ಮಂಡಿಯೂರಿ ಬಿದ್ದಳು. ಕಣ್ಣು ತೆರೆದಾಗ ಅವನು ಎರಡೇ ಹೆಜ್ಜೆ ದೂರದಲ್ಲಿದ್ದ. ಕೈ ಮುಂದೆ ಚಾಚಿತ್ತು. ಚಾಚಿ, ಅರ್ಧಕ್ಕೇ ತಡೆದುಕೊಂಡಿತ್ತು.

ಆ ಅರ್ಧಕ್ಕೆ ನಿಂತ ಕೈಯನ್ನು ಅವಳು ಆಮೇಲೆ ಎಷ್ಟು ದಿನ ನೆನೆದಳೋ!

ಅವನ ಹೆಸರು ಪ್ರತಾಪ್. ಆಲೂರಿನ ಕಡೆಯವನು. ಫಿಸಿಯೋಥೆರಪಿಯಲ್ಲಿ ಎರಡನೇ ಡಿಗ್ರಿ ಓದುತ್ತಿದ್ದ. ಪದೇ ಪದೇ ಕಾಲು ಉಳುಕುವವರ ಪಾದದ ಗಂಟು ಹೇಗೆ ಕೆಲಸ ಮಾಡುತ್ತದೆ ಎಂಬುದು ಅವನ ಅಧ್ಯಯನದ ವಿಷಯ. ಅದಕ್ಕಾಗಿ ಈ ಶಿಬಿರ ಮಾಡಿದ್ದ.

ಎರಡನೇ ಪರೀಕ್ಷೆಗೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ಕಣ್ಣಿಗೆ ಬಟ್ಟೆ ಕಟ್ಟಿದ. ಪಾದವನ್ನು ಮೆಲ್ಲಗೆ ಒಂದು ಕಡೆಗೆ ವಾಲಿಸಿ, "ಈ ಜಾಗ ನೆನಪಿಟ್ಕೊಳ್ಳಿ" ಎಂದ. ಮತ್ತೆ ನೆಟ್ಟಗೆ ತಂದ. "ಈಗ ನೀವೇ ಅಲ್ಲಿಗೆ ತಗೊಂಡು ಹೋಗಿ."

ಸರಿಯಾಗಿ ಅಲ್ಲೇ ಇಟ್ಟೆನೆಂದು ಅವಳು ಆಣೆ ಮಾಡಲೂ ತಯಾರಿದ್ದಳು. ಬಟ್ಟೆ ಬಿಚ್ಚಿ ನೋಡಿದರೆ ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಎಂಟು ಡಿಗ್ರಿ ತಪ್ಪು ತೋರಿಸುತ್ತಿತ್ತು.

"ನನ್ನ ಕಾಲು ಎಲ್ಲೈತೆ ಅಂತ ನಂಗೇ ಗೊತ್ತಿಲ್ವಾ ಸಾರ್?"

"ಇಲ್ಲ" ಎಂದ ಪ್ರತಾಪ್. "ಜೋರಾಗಿ ಉಳುಕಿದಾಗ ಗಂಟಿನ ನಾರು ಹರಿಯುತ್ತೆ. ಪಾದ ಎಲ್ಲಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿಸೋ ನರಗಳೂ ಅದರಲ್ಲೇ ಇರ್ತವೆ. ಆಮೇಲೆ ಸುದ್ದಿ ತಡ ಆಗುತ್ತೆ. ಕಾಲಿನ ಹೊರಮಗ್ಗುಲಿನ ಸ್ನಾಯು ಎಳೆದು ಹಿಡಿಯೋ ಹೊತ್ತಿಗೆ ಪಾದ ಮಡಚಿಕೊಂಡಿರುತ್ತೆ."

"ಸುದ್ದಿ ಮುಟ್ಟೋ ಹೊತ್ಗೆ ಹೆಣ ಬಿದ್ದಿರ್ತದೆ ಅನ್ನಿ" ಎಂದಳು ದೇವೀರಮ್ಮ.

ಎಲ್ಲರೂ ನಕ್ಕರು. ಪ್ರತಾಪ್ ನಗಲಿಲ್ಲ. ಅವನು ಬಿಂದುವಿನ ಕಣಕಾಲನ್ನೇ ನೋಡುತ್ತಿದ್ದ. ಸುತ್ತಲೂ ಕಪ್ಪಗೆ, ಉಂಗುರದಂಥ ಗುರುತು.

"ಇದೇನು, ಗೆಜ್ಜೆ ಕಟ್ತಿದ್ರಾ?"

"ಗೆಜ್ಜೆ ಅಲ್ಲ ಸಾರ್. ಗೋಣಿದಾರ."

ಉಳಿದವರೂ ಒಬ್ಬೊಬ್ಬರೇ ಸೀರೆಯ ಅಂಚು ಸರಿಸಿದರು. ಹನ್ನೊಂದು ಹೆಂಗಸರು. ಇಪ್ಪತ್ತೆರಡು ಕಾಲು. ಎಲ್ಲದರ ಮೇಲೂ ಅದೇ ಕಪ್ಪು ಉಂಗುರ.

* * *

ನೀರ್‌ಗುಡ್ಡದಲ್ಲಿ ಹಾವು, ಜಿಗಣೆಗೆಂದು ಎಲ್ಲರಿಗೂ ಗಮ್‌ಬೂಟು ಕೊಡುತ್ತಿದ್ದರು. ಕೊಟ್ಟದ್ದಕ್ಕೆ ಫೋಟೋ ಕೂಡ ತೆಗೆಸಿ ಆಫೀಸಿನಲ್ಲಿ ತೂಗುಹಾಕಿದ್ದರು. ಆದರೆ ಸ್ಟೋರಿಗೆ ಬರುತ್ತಿದ್ದುದು ಒಂದೇ ಅಳತೆ, ಒಂಬತ್ತನೇ ನಂಬರು. ಗಂಡಸರ ಕಾಲಿನದು.

ನಾಲ್ಕನೇ ನಂಬರಿನ ಕಾಲಿನ ಹೆಂಗಸರು ಅದರೊಳಗೆ ಹಳೆ ಸೀರೆಯ ಚೂರು ತುರುಕುತ್ತಿದ್ದರು. ಆಗಲೂ ಬೂಟು ಕಳಚಿಕೊಳ್ಳುತ್ತದೆಂದು ಕಣಕಾಲಿನ ಸುತ್ತ ಗೋಣಿದಾರ ಬಿಗಿಯುತ್ತಿದ್ದರು. ಕಾಲು ಉಳುಕಿದ ಮಾರನೇ ದಿನ ಇನ್ನಷ್ಟು ಬಿಗಿ. ಬಿಗಿದಷ್ಟೂ ಭದ್ರ ಎಂದು ತಾಯಿ ಮಗಳಿಗೆ ಹೇಳಿಕೊಡುತ್ತಿದ್ದಳು. ಪಾದ ಮರಗಟ್ಟುತ್ತಿತ್ತು. ಮರಗಟ್ಟಿದ ಪಾದ ಬಟ್ಟೆಯ ಗಂಟಿನೊಳಗೆ ತೇಲುತ್ತಿತ್ತು. ಹಾಗೆ ತೇಲುವ ಕಾಲಿನಲ್ಲಿ, ತಲೆಯ ಮೇಲೆ ಕಾಫಿಹಣ್ಣಿನ ಚೀಲ ಹೊತ್ತು, ನಿಂತರೆ ಜಾರುವ ಇಳಿಜಾರು ಇಳಿಯಬೇಕಿತ್ತು.

ಬಿದ್ದರೆ, ಆಳುಗಳ ಹಾಜರಿ ಬರೆದು ಕೆಲಸ ನೋಡಿಕೊಳ್ಳುವ ರೈಟರ್ ಗುಂಡಯ್ಯ ಮೇಲಿನಿಂದ ಕೂಗುತ್ತಿದ್ದ. "ನೆಲ ನೋಡ್ಕೊಂಡು ನಡೀರವ್ವ! ಆಕಾಶದಾಗೆ ಏನೈತೆ?"

ಬಿಂದುವಿಗೆ ಮೂರು ವರ್ಷದಲ್ಲಿ ಏಳು ಸಲ ಉಳುಕಿತ್ತು. ಅಪ್ಪ ಸತ್ತ ಮೇಲೆ ಪಿಯುಸಿ ಬಿಟ್ಟು ಅವನ ಜಾಗಕ್ಕೆ ಬಂದವಳು. ಲೈನಿನ ಮನೆ ಉಳಿಯಬೇಕಾದರೆ ಮನೆಯ ಒಬ್ಬರ ಹೆಸರಾದರೂ ಹಾಜರಿ ಪುಸ್ತಕದಲ್ಲಿರಬೇಕು. ಅವ್ವ ಇಂದ್ರಮ್ಮನಿಗೆ ಉಬ್ಬಸ. ಬಿಂದುವಿನ ಹೆಸರು ಹೋದರೆ ಉಬ್ಬಸದ ತಾಯಿಯನ್ನು ಕರೆದುಕೊಂಡು ರಸ್ತೆಗೆ ನಿಲ್ಲಬೇಕು. ಅವಳ ಬದುಕು ಆ ಒಂದು ಸಾಲಿನ ಮೇಲೆ ಒಂಟಿಕಾಲಲ್ಲಿ ನಿಂತಿತ್ತು.

* * *

ಪ್ರತಾಪ್ ಪ್ರತಿ ಭಾನುವಾರ ವನಗೂರಿನ ಜೀಪು ಹಿಡಿದು ಎಸ್ಟೇಟಿನ ಲೈನಿಗೇ ಬರತೊಡಗಿದ.

"ಕಾಲಿಗೆ ಮತ್ತೆ ಪಾಠ ಹೇಳ್ಕೊಡಬೇಕು. ಮೆತ್ತನೆ ದಿಂಬಿನ ಮೇಲೆ ಒಂಟಿಕಾಲಲ್ಲಿ ನಿಲ್ಲೋದು. ಮೊದಲು ಕಣ್ಣು ಬಿಟ್ಟು, ಆಮೇಲೆ ಮುಚ್ಚಿ. ದಿನಾ ಮಾಡಿದ್ರೆ ಸುದ್ದಿ ಬೇಗ ಮುಟ್ಟೋಕೆ ಶುರುವಾಗುತ್ತೆ" ಎಂದ. ಆದರೆ ಅವನು ತಂದಿದ್ದ ದಿಂಬು ಒಂದೇ!

"ಹನ್ನೊಂದು ಜನ ಒಂದು ದಿಂಬಿನ ಮ್ಯಾಲೆ ನಿಂತ್ಕೊಳಾಕೆ ಇದೇನು ಸರ್ಕಸ್ಸಾ?" ಎಂದಳು ದೇವೀರಮ್ಮ.

ಬಿಂದು ಒಂದು ಕ್ಷಣ ಯೋಚಿಸಿ ಕಣದ ಕಡೆಗೆ ಹೋದಳು. ಕಾಫಿಯ ಹೊಟ್ಟು ಅರ್ಧ ತುಂಬಿದ ಗೋಣಿಚೀಲವೊಂದನ್ನು ಎಳೆದು ತಂದು ಅವನ ಮುಂದೆ ಹಾಕಿದಳು. "ಇದು ಆಗ್ತದಾ ನೋಡಿ."

ಅವನು ಹತ್ತಿ ನಿಂತ. ಎರಡು ಎಣಿಸುವುದರೊಳಗೆ ದೊಪ್ಪನೆ ಬಿದ್ದ!

ಹೆಂಗಸರ ನಗು ಲೈನಿನ ಕೊನೆಯ ಮನೆಯವರೆಗೂ ಕೇಳಿಸಿತು. ಬಿಂದು ಸೆರಗು ಬಾಯಿಗಿಟ್ಟುಕೊಂಡಳು. "ನಿಮ್ಗೂ ಐತಾ ಸಾರ್ ಈ ರೋಗ?"

"ಐತೆ" ಎಂದ ನೆಲದಲ್ಲಿ ಕೂತೇ. ಊರಿನ ಮಾತು ಅವನಿಗೇ ಗೊತ್ತಿಲ್ಲದೆ ಹೊರಬಂದಿತ್ತು. "ಕಬಡ್ಡಿ ಆಡ್ತಾ ಮುರ್ಕೊಂಡೆ. ಅದಕ್ಕೇ ಈ ಓದು."

ಡಿಸೆಂಬರ್ ಕಳೆಯಿತು. ಬೆಳಗಿನ ಮಂಜಿನಲ್ಲಿ ಹಾಜರಿಗೆ ಮುಂಚೆ, ಲೈನಿನ ಹಿಂದೆ ಹನ್ನೊಂದು ಹೊಟ್ಟಿನ ಚೀಲ, ಬರಿಗಾಲಿನಲ್ಲಿ ಹನ್ನೊಂದು ಹೆಂಗಸರು. ಬಿಂದುವಿನ ಎಣಿಕೆ ನಾಲ್ಕಿದ್ದದ್ದು ಹನ್ನೆರಡಾಯಿತು. ಇಪ್ಪತ್ತಾರಾಯಿತು. ಭಾನುವಾರ ಅವನು ಎಣಿಸುವಾಗ ಬಿಂದು ಕಣ್ಣು ಮುಚ್ಚಿಕೊಂಡೇ ಅವನ ದನಿ ಎಷ್ಟು ಹತ್ತಿರವಿದೆಯೆಂದು ಅಳೆಯುತ್ತಿದ್ದಳು.

'ಪಾದ ಎಲ್ಲೈತೆ ಅಂತ ಗೊತ್ತಾಗ್ತಾ ಐತೆ... ಮನಸ್ಸು ಎಲ್ಲಿಗೆ ಹೋಯ್ತು ಅಂತ ಗೊತ್ತಾಗ್ತಾ ಇಲ್ಲ...'

"ಮೂವತ್ತೊಂದು!" ಎಂದ ಪ್ರತಾಪ್ ಒಂದು ಭಾನುವಾರ. "ಬಿಂದು, ನೀವು ನನಗಿಂತ ಗಟ್ಟಿ."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಅದೇ ಸಂಜೆ ಅವನು ಆ ತಪ್ಪು ಮಾಡಿದ.

ಜೀಪಿಗೆ ಕಾಯುತ್ತಿದ್ದವನ ಬಳಿ ಗುಂಡಯ್ಯ ಬಂದ. ಕಾಫಿ ಕುಡಿಸಿದ. "ಒಳ್ಳೇ ಕೆಲಸ ಮಾಡ್ತಾ ಇದೀರಿ ಸಾರ್. ಯಾರ್‍ಯಾರಿಗೆ ಕಾಲು ತೊಂದ್ರೆ ಐತೆ, ಎಷ್ಟೈತೆ ಅಂತ ಒಂದು ಪಟ್ಟಿ ಕೊಡಿ. ಅಂಥೋರಿಗೆ ಕಣದಾಗೆ ಸುಲಭದ ಕೆಲಸ ಕೊಡಿಸ್ತೀನಿ. ಪಾಪ, ಹೆಣ್ಣುಮಕ್ಕಳು."

ಹೆಸರು ಯಾರಿಗೂ ಕೊಡುವುದಿಲ್ಲವೆಂದು ಹನ್ನೊಂದು ಜನರಿಗೂ ಮಾತು ಕೊಟ್ಟು, ಸಹಿ, ಹೆಬ್ಬೆಟ್ಟು ತೆಗೆದುಕೊಂಡಿದ್ದವನು ಅವನೇ. ಆದರೆ 'ಸುಲಭದ ಕೆಲಸ' ಎಂಬ ಮಾತು ಅವನ ಕಿವಿಗೆ ಸಿಹಿಯಾಗಿತ್ತು. ಬಿಂದು ಇನ್ನು ಚೀಲ ಹೊರಬೇಕಿಲ್ಲವಲ್ಲ! ಫೈಲು ತೆರೆದು ಪಟ್ಟಿ ಕೊಟ್ಟ.

ಓದಿದವರು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಡುಕನ್ನು ಬಡವರು ಮೈಮೇಲೆ ಹೊರುತ್ತಾರೆ.

* * *

ಫೆಬ್ರವರಿಯಲ್ಲಿ ಕೊಯ್ಲು ಮುಗಿಯುತ್ತಾ ಬಂತು. ಇನ್ನು ಅಷ್ಟು ಕೈ ಬೇಕಿರಲಿಲ್ಲ. ಬೇಕಾದಾಗ ಲಾರಿಯಲ್ಲಿ ಕರೆತಂದು ಬೇಡವಾದಾಗ ಇಳಿಸುವ ಕಂಟ್ರಾಕ್ಟಿನ ಆಳುಗಳು ಸಿಗುವಾಗ, ಮನೆ ಕೊಟ್ಟು ಖಾಯಂ ಹೆಂಗಸರನ್ನು ಯಾಕೆ ಸಾಕಬೇಕು?

ಒಂದು ಬೆಳಗ್ಗೆ ಸ್ಟೋರಿನ ಬಾಗಿಲಿಗೆ ಕಾಗದ ಅಂಟಿಸಿದ್ದರು. ಬಿಂದು ಗಟ್ಟಿಯಾಗಿ ಓದಿದಳು. "ವೈದ್ಯಕೀಯ ತಪಾಸಣೆಯಲ್ಲಿ ಕಾಲಿನ ದೌರ್ಬಲ್ಯ ಕಂಡುಬಂದಿರುವ ಈ ಕೆಳಗಿನ ಹನ್ನೊಂದು ಮಂದಿ ಎಸ್ಟೇಟ್ ಕೆಲಸಕ್ಕೆ ಅನರ್ಹರು. ತಿಂಗಳೊಳಗೆ ಮನೆ ಖಾಲಿ ಮಾಡತಕ್ಕದ್ದು."

ಕೆಳಗೆ ಕೈಯಲ್ಲಿ ಬರೆದಿದ್ದ ಪಟ್ಟಿಯನ್ನೇ ಅಂಟಿಸಿದ್ದರು. ಒಂದನೇ ಹೆಸರು ಅವಳದೇ. ಹೆಸರಿನ ಮುಂದೆ 'ಎಂಟು ಡಿಗ್ರಿ' ಎಂದಿತ್ತು.

ಎಂಟು ಡಿಗ್ರಿ! ಅದು ಆ ಕೋಣೆಯಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅವನ ಕೈಗೆ ಪಾದ ಕೊಟ್ಟಾಗಿನ ಲೆಕ್ಕ... ಅವನು ಮಾತ್ರ ಬರೆದುಕೊಂಡಿದ್ದ ಲೆಕ್ಕ!

"ನಂಗೇನ್ಲಾ ಆಗೈತೆ?" ದೇವೀರಮ್ಮ ಗುಂಡಯ್ಯನಿಗೆ ಅಡ್ಡ ನಿಂತಳು. "ಮೂವತ್ತು ವರ್ಸ ಈ ಗುಡ್ಡ ಹತ್ತಿ ಇಳ್ದಿವ್ನಿ. ನೀನು ಚಡ್ಡಿ ಹಾಕ್ಕೊಂಡು ಓಡಾಡ್ವಾಗ್ಲಿಂದ!"

"ಹಂಗಾದ್ರೆ ತೋರ್ಸು. ಮೇಲಿನ ಬ್ಲಾಕಿಂದ ಒಂದು ಚೀಲ ಹೊತ್ಕೊಂಡು ರಸ್ತೆಗೆ ಇಳಿ. ಬೀಳ್ದಂಗೆ ಇಳಿದ್ರೆ ನಿನ್ನ ಹೆಸರು ಹೊಡೆದಾಕಿಸ್ತೀನಿ."

"ಬ್ಯಾಡ ಕಣತ್ತೆ!" ಬಿಂದು ಅವಳ ಕೈ ಹಿಡಿದಳು.

"ಬಿಡು ಮಗಳೇ. ಮನೆ ಹೋಗ್ಬುಟ್ರೆ ಎಲ್ಲಿ ಮಲಗಾನೆ?"

ಬರಿಗಾಲಲ್ಲಿ ಇಳಿದಿದ್ದರೆ ಅವಳು ಇಳಿಯುತ್ತಿದ್ದಳೇನೋ. ಎಂಟು ವಾರ ಹೊಟ್ಟಿನ ಚೀಲದ ಮೇಲೆ ನಿಂತ ಕಾಲು ಅದು. ಆದರೆ ಬೂಟಿಲ್ಲದೆ ತೋಟಕ್ಕೆ ಇಳಿಯುವಂತಿಲ್ಲ ಎಂಬುದು ಎಸ್ಟೇಟಿನ ನಿಯಮ. ಗುಂಡಯ್ಯ ಬೂಟು ಹಾಕಿಸಿದ. ದೇವೀರಮ್ಮ ಹಳೇ ಚಾಳಿಯಂತೆ ಗೋಣಿದಾರ ಬಿಗಿದಳು. ಹೆದರಿಕೆಗೆ ಇನ್ನೂ ಒಂದು ಸುತ್ತು ಜಾಸ್ತಿ.

ಮಳೆನೀರು ಇಂಗಲೆಂದು ಗಿಡಗಳ ನಡುವೆ ತೋಡುವ ಗುಂಡಿಗೆ ಇಲ್ಲಿ ತೊಟ್ಟಿಲುಗುಂಡಿ ಎನ್ನುತ್ತಾರೆ. ಅರ್ಧ ಗುಡ್ಡ ಇಳಿದಿದ್ದಳು. ಪಾದ ಮಡಚಿತು. ದೇವೀರಮ್ಮ ತೊಟ್ಟಿಲುಗುಂಡಿಯೊಳಗೆ ತಲೆಕೆಳಗಾಗಿ ಬಿದ್ದಳು. ಚೀಲ ಅವಳ ಕತ್ತಿನ ಮೇಲೆ ಬಿತ್ತು.

ಹಾಸನದ ಆಸ್ಪತ್ರೆ ಮುಟ್ಟುವ ಮುಂಚೆಯೇ ಉಸಿರು ನಿಂತಿತ್ತು.

* * *

ಸುದ್ದಿ ಕೇಳಿ ಪ್ರತಾಪ್ ಓಡಿಬಂದಾಗ ಮಣ್ಣು ಮಾಡಿ ಆಗಿತ್ತು. ಬಿಂದು ಲೈನಿನ ಹಿಂದೆ, ದೇವೀರಮ್ಮ ನಿಲ್ಲುತ್ತಿದ್ದ ಹನ್ನೊಂದನೇ ಹೊಟ್ಟಿನ ಚೀಲದ ಪಕ್ಕ ಕೂತಿದ್ದಳು.

"ಬಿಂದು..."

"ಒಂದನೇ ನಂಬರ್ ಅನ್ನಿ. ಪಟ್ಟೀಲಿ ಹಂಗೇ ಬರ್ದಿದೀರಲ್ಲ?"

"ನಾನು... ಅವರು ಸುಲಭದ ಕೆಲಸ ಕೊಡ್ತೀವಿ ಅಂದ್ರು... ನಂಬಿದೆ..."

"ನಾವೂ ನಿಮ್ಮನ್ನ ಹಂಗೇ ನಂಬಿದ್ದು." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಅವತ್ತು ಕೇಳ್ದೆ, ಹಿಡ್ಕೊಳಲ್ವಾ ಅಂತ. ಹಿಡ್ಕೊಳಲ್ಲ ಅಂದ್ರಿ, ಸರಿ. ತಳ್ತೀನಿ ಅಂತ ಹೇಳ್ಲಿಲ್ಲ ನೀವು."

"ಬಿಂದು, ನನ್ನ ಮಾತು ಒಂದ್ಸಲ..."

"ನಾಲ್ಕನೇ ಹೆಸರು ದೇವೀರತ್ತೆದು. ನಿಮ್ಮ ಕೈಯಕ್ಷರ ಚೆನ್ನಾಗೈತೆ ಸಾರ್. ಹೋಗಿ."

ಅವನು ಹೋದ. ಅವಳು ಆ ಚೀಲವನ್ನು ತಬ್ಬಿಕೊಂಡು ಅತ್ತಳು. ಸತ್ತವಳಿಗಾಗಿ ಅತ್ತಳೋ, ಹೋದವನಿಗಾಗಿಯೋ... ಅದನ್ನು ಬೇರ್ಪಡಿಸಿ ನೋಡುವ ಶಕ್ತಿ ಅವಳಿಗಿರಲಿಲ್ಲ.

ಆದರೆ ಮಾರನೇ ದಿನ ಎದ್ದಳು. ಪಿಯುಸಿವರೆಗೆ ಓದಿದ್ದ ಕೈಯಲ್ಲಿ ತಾನೇ ಅರ್ಜಿ ಬರೆದಳು. ಹತ್ತು ಜನರ ಸಹಿ, ಹೆಬ್ಬೆಟ್ಟು ಹಾಕಿಸಿ ಸಕಲೇಶಪುರದ ಕಾರ್ಮಿಕ ಕಚೇರಿಗೆ ಕೊಟ್ಟಳು.

* * *

ವಿಚಾರಣೆಯ ದಿನ ಎಸ್ಟೇಟಿನ ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದ. ಪಕ್ಕದಲ್ಲಿ ಗುಂಡಯ್ಯ.

"ಮೇಡಂ, ನಾವು ಹೇಳ್ತಿಲ್ಲ. ಡಾಕ್ಟ್ರ ವರದಿ ಹೇಳುತ್ತೆ. ಇವರ ಒಳ್ಳೇದಕ್ಕೇ ಕೆಲಸ ಬಿಡಿಸಿದ್ದು. ಆ ಮುದುಕಿ ತಾನಾಗೇ ಚೀಲ ಹೊತ್ತಳು" ಎಂದು ಮ್ಯಾನೇಜರ್ ಪಟ್ಟಿಯನ್ನು ಕಾರ್ಮಿಕ ಅಧಿಕಾರಿಯ ಮುಂದಿಟ್ಟ.

"ಆ ಪಟ್ಟಿ ಬರೆದವನು ನಾನು."

ಬಿಂದು ತಿರುಗಿದಳು. ಬಾಗಿಲಲ್ಲಿ ಪ್ರತಾಪ್! ಗಡ್ಡ ಬೆಳೆದಿತ್ತು. ನೇರ ಮೇಜಿನ ಬಳಿ ಬಂದ. ಅವಳ ಕಡೆ ನೋಡಲಿಲ್ಲ.

"ಹೆಸರು ಹೊರಗೆ ಕೊಡಲ್ಲ ಅಂತ ಮಾತು ಕೊಟ್ಟು, ಕೊಟ್ಟೆ. ತಪ್ಪು ನಂದು ಮೇಡಂ. ಬರೆದು ಸಹಿ ಹಾಕಿದೀನಿ. ಕಾಲೇಜಿಗೂ ಕಳಿಸಿದೀನಿ." ಇನ್ನೊಂದು ಕಾಗದವನ್ನು ಪಟ್ಟಿಯ ಪಕ್ಕದಲ್ಲಿಟ್ಟ. "ಆದ್ರೆ ಇದು ಕೆಲಸಕ್ಕೆ ಬಾರದವರ ಪಟ್ಟಿ ಅಲ್ಲ. ಕೆಲಸ ಯಾರ್‍ಯಾರ ಕಾಲು ಹಾಳು ಮಾಡ್ತು ಅನ್ನೋ ಪಟ್ಟಿ. ಎಂಟು ವಾರ ಆದ್ಮೇಲಿನ ಲೆಕ್ಕ ಇಲ್ಲಿದೆ ನೋಡಿ. ಎಲ್ಲರ ಕಾಲೂ ಸುಧಾರಿಸಿದೆ. ಅದನ್ನ ಇವರು ಕೇಳಲೇ ಇಲ್ಲ."

"ಓದೋ ಹುಡುಗ, ಅವರ ಮಾತಿಗೆ ಸಿಕ್ಕಿಬಿದ್ದಿದಾನೆ" ಎಂದು ಮ್ಯಾನೇಜರ್ ನಕ್ಕ. "ಬೂಟು ಕೊಟ್ಟಿದೀವಿ ಮೇಡಂ. ಎಲ್ಲರಿಗೂ. ಫೋಟೋ ಇದೆ."

ಬಿಂದು ಎದ್ದಳು. ತಂದಿದ್ದ ಚೀಲದಿಂದ ಬೂಟೊಂದನ್ನು ತೆಗೆದು ಮೇಜಿನ ಮುಂದೆ ನೆಲದ ಮೇಲಿಟ್ಟಳು. ಒಳಗೆ ಸೀರೆಯ ಚೂರು ಹಾಗೇ ಇತ್ತು. ಕತ್ತರಿಸಿ ಬಿಚ್ಚಿದ್ದ ಗೋಣಿದಾರ ಇನ್ನೂ ಅಂಟಿಕೊಂಡಿತ್ತು.

"ಗುಂಡಣ್ಣ, ಹಾಕ್ಕೊಂಡು ನಾಕು ಹೆಜ್ಜೆ ನಡೀರಿ."

ಗುಂಡಯ್ಯ ಹಿಂದೆ ಸರಿದ. "ಯಾರದವ್ವ ಅದು?"

"ದೇವೀರತ್ತೆದು."

"ಬ್ಯಾಡ ಕಣವ್ವ... ಸತ್ತೋರದ್ದು... ಅಂಥದ್ದೆಲ್ಲ ಹಾಕಬಾರದು..."

"ಬದುಕಿದ್ದಾಗ ನೀವೇ ಹಾಕ್ಸಿದ್ರಲ್ಲಣ್ಣ?"

ಗುಂಡಯ್ಯನ ಮುಖ ಬೂದಿಯಾಯಿತು. ಅಧಿಕಾರಿ ಬಗ್ಗಿ ಬೂಟು ಎತ್ತಿಕೊಂಡಳು. ಅಡಿಯಲ್ಲಿ ಅಚ್ಚೊತ್ತಿದ್ದ ಅಂಕಿ ನೋಡಿದಳು. ಎದುರಿಗೆ ಕೂತಿದ್ದ ಹತ್ತು ಜನರ ಪಾದ ನೋಡಿದಳು.

ಸಂಜೆಗೆ ಸಿಕ್ಕಿದ್ದು ಇಷ್ಟು. ಹತ್ತು ಜನ ನಾಳೆಯಿಂದ ಕೆಲಸಕ್ಕೆ. ಮುಂದಿನ ಆದೇಶದವರೆಗೆ ಮನೆ ಖಾಲಿ ಮಾಡಿಸುವಂತಿಲ್ಲ. ಬೂಟಿನ ವಿಷಯ 'ಪರಿಶೀಲಿಸುತ್ತೇವೆ' ಎಂದ ಮ್ಯಾನೇಜರ್. ದೇವೀರಮ್ಮನ ಸಾವು ಎಸ್ಟೇಟಿನ ಕಾಗದದಲ್ಲಿ 'ಸ್ವಂತ ಅಜಾಗರೂಕತೆ' ಎಂದೇ ಉಳಿಯಿತು.

ಗೆದ್ದೆವೆಂದು ಯಾರೂ ಕೂಗಲಿಲ್ಲ.

* * *

ಮುಂದಿನ ಭಾನುವಾರ ಇಂದ್ರಮ್ಮ ಬಾಗಿಲಿಂದಲೇ ಕರೆದಳು. "ಬಿಂದೂ, ಬಂದವ್ರೆ ನೋಡು ನಿನ್ನ ಡಾಕ್ಟ್ರು. ಒಳಗೆ ಕರೀಲಾ, ಪೊರಕೆ ತಗೊಳ್ಲಾ?"

"ನೀನು ಸುಮ್ಕಿರವ್ವ."

ಲೈನಿನ ಹಿಂದೆ ಪ್ರತಾಪ್ ನಿಂತಿದ್ದ. ಕೈಯಲ್ಲಿ ಪೇಪರು ಸುತ್ತಿದ ಕಟ್ಟು.

"ಓದು?" ಎಂದಳು ಬಿಂದು.

"ಈ ವರ್ಷದ್ದು ಹೋಯ್ತು. ಮೊದಲಿಂದ ಮಾಡಬೇಕು. ಮಾಡೋಕೆ ಬಿಟ್ರೆ."

"ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು. ಕ್ಷಮಿಸು ಅನ್ನೋಕೆ ಬಂದಿಲ್ಲ." ಅವನು ಕಟ್ಟು ಚಾಚಿದ. "ಇದು ಕೊಡೋಕೆ ಬಂದೆ."

ಅವಳು ಬಿಚ್ಚಿದಳು. ಗಮ್‌ಬೂಟು! ಕಪ್ಪಗೆ, ಪುಟ್ಟದಾಗಿ. ಅಡಿಯಲ್ಲಿ ನಾಲ್ಕು ಎಂದಿತ್ತು.

ತುಟಿಯ ಮೇಲೆ ಬಂದ ನಗುವನ್ನು ಅವಳು ನುಂಗಿಕೊಂಡಳು. ಕಣ್ಣಲ್ಲಿ ನೀರು ಮಾತ್ರ ನಿಲ್ಲಲಿಲ್ಲ. "ಲೋಕದಾಗೆ ಗಂಡಸರು ಗೆಜ್ಜೆ ತರ್ತಾರೆ..."

"ಹಾಸನದಲ್ಲಿ ಆರು ಅಂಗಡಿ ತಿರುಗಿದೆ. ಹೆಂಗಸರ ಅಳತೆ ಬರಲ್ಲ ಅಂದ್ರು. ಹೇಳಿ ತರಿಸ್ದೆ."

"ಉಳಿದ ಒಂಬತ್ತು ಜನಕ್ಕೆ?"

ಅವನು ತಲೆ ತಗ್ಗಿಸಿದ. "ಒಂದು ಜೊತೇನೇ ಸಿಕ್ಕಿದ್ದು."

"ಹಂಗಾದ್ರೆ ಎಲ್ರಿಗೂ ಎಸ್ಟೇಟಿಂದ ಬರೋತನಕ ಇದು ಗೋಡೆ ಮ್ಯಾಲೆ ತೂಗ್ತಿರ್ತದೆ. ನಾನು ಹಾಕ್ಕೊಳಲ್ಲ."

"ಎಷ್ಟು ದಿನ ಆದ್ರೂ?"

"ಎಷ್ಟು ವರ್ಸ ಆದ್ರೂ."

"ಅಲ್ಲೀವರೆಗೂ ನಾನು ಪ್ರತಿ ಭಾನುವಾರ ಬರ್ತೀನಿ. ನೀನು ಹೋಗು ಅಂದ್ರೂ ಬರ್ತೀನಿ. ನಾನು ನಿನ್ನ ಪ್ರೀತಿಸ್ತೀನಿ ಬಿಂದು. ಅದನ್ನ ಹೇಳೋ ಯೋಗ್ಯತೆ ಕಳ್ಕೊಂಡ್ಮೇಲೆ ಹೇಳ್ತಾ ಇದೀನಿ."

ಅವಳು ಸಾಲಾಗಿಟ್ಟಿದ್ದ ಚೀಲಗಳನ್ನು ನೋಡಿದಳು. ಹನ್ನೊಂದನೆಯದನ್ನು ಯಾರೂ ತೆಗೆದಿರಲಿಲ್ಲ. ಅದರ ನಡುವೆ ದೇವೀರಮ್ಮನ ಪಾದದ ಕುಳಿ ಇನ್ನೂ ಇತ್ತು.

"ಕ್ಷಮಿಸ್ದೇ ಪ್ರೀತಿ ಮಾಡಬೋದಾ?" ಎಂದಳು ಕೊನೆಗೆ, ಮೆಲ್ಲಗೆ. "ಯಾಕಂದ್ರೆ ನಂಗೆ ಹಂಗೇ ಆಗೈತೆ."

ಅವನು ಒಂದು ಹೆಜ್ಜೆ ಮುಂದೆ ಬಂದ.

ಬಿಂದು ಬರಿಗಾಲಿನಲ್ಲಿ ತನ್ನ ಚೀಲ ಹತ್ತಿದಳು. ಎಡಗಾಲು ಎತ್ತಿದಳು. ಕಣ್ಣು ಮುಚ್ಚಿದಳು. ಕಣಕಾಲಿನ ಕಪ್ಪು ಉಂಗುರ ಇನ್ನೂ ಮಾಸಿರಲಿಲ್ಲ. ಹೊಟ್ಟು ಅಲುಗಿತು, ಪಾದ ಅಲುಗಿತು, ಮತ್ತೆ ತಾನಾಗಿಯೇ ನೆಟ್ಟಗಾಯಿತು.

"ಹಿಡ್ಕೊಳ್ಲಾ?" ಎಂದ ಅವನು.

"ಬ್ಯಾಡ. ಹತ್ರ ಇರಿ, ಸಾಕು."

ಗುಡ್ಡದ ಗಾಳಿ ಬೀಸಿತು. ಅವಳು ಬೀಳಲಿಲ್ಲ.

"ಎಷ್ಟಾಯ್ತು?"

"ಎಣಿಸೋದು ಮರ್ತ್‌ಬುಟ್ಟೆ."

"ಮೊದಲಿಂದ ಎಣಿಸಿ ಹಂಗಾದ್ರೆ" ಎಂದಳು ಬಿಂದು, ಕಣ್ಣು ತೆರೆಯದೆ.